ತೋರಿಸಬಾರದ ಹಸಿರು

ನನ್ನ ಮಗಳನ್ನು ಕೊಂದ ರೋಗ ಯಾರ ಉಸಿರಿನಿಂದ ಬಂತು ಎಂಬುದನ್ನು ನಾನೇ ಕಂಡುಹಿಡಿದೆ. ನಾನು ಸಂಬಳ ಪಡೆದು ಮಾಡುವ ಕೆಲಸವೇ ಅದು. ಹೊಳಿಕಟ್ಟಿಯ ಜಿಲ್ಲಾ ಆರೋಗ್ಯ ಭವನದಲ್ಲಿ, ಜನರಿಗಿಂತ ಯಂತ್ರಕ್ಕೆ ಹೆಚ್ಚು ತಂಪು ಕೊಡುವ ಒಂದು ಕೋಣೆಯಿದೆ. ಆ ಯಂತ್ರಕ್ಕೆ ಸರಕಾರ ಇಟ್ಟ ಹೆಸರು ಉದ್ದವಾಗಿದೆ, ನಾವು ಅದನ್ನು ಬಳ್ಳಿ ಎನ್ನುತ್ತೇವೆ. ಮೊದಲು ನರ್ಸ್ ಆಗಿದ್ದು, ಆಮೇಲೆ ತರಬೇತಿ ಪಡೆದು ಅದರ ಮುಂದೆ ಕೂತವಳು ನಾನು, ಮಹಾನಂದಾ.

ಬಳ್ಳಿಯ ಕೆಲಸ ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ವೈರಾಣು ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿ, ಅಲ್ಲಿ ತನ್ನನ್ನು ತಾನೇ ನಕಲು ಮಾಡಿಕೊಳ್ಳುತ್ತದೆ. ಅವಸರದಲ್ಲಿ ನಕಲು ಮಾಡುವವರೆಲ್ಲರ ಹಾಗೆ ಅಲ್ಲಲ್ಲಿ ತಪ್ಪುತ್ತದೆ. ಪರೀಕ್ಷೆಯಲ್ಲಿ ಪಕ್ಕದವನನ್ನು ನೋಡಿ ಬರೆದ ಹುಡುಗ ಅವನ ತಪ್ಪನ್ನೂ ಬರೆದು ಸಿಕ್ಕಿಬೀಳುತ್ತಾನಲ್ಲ, ಹಾಗೆಯೇ ಒಂದು ಗಂಟಲಿನ ತಪ್ಪು ಇನ್ನೊಂದು ಗಂಟಲಿನಲ್ಲಿ ಸಿಕ್ಕರೆ ಯಾರಿಂದ ಯಾರಿಗೆ ಹೋಯಿತು ಎಂದು ಬಳ್ಳಿ ಹೇಳುತ್ತದೆ. ಹತ್ತಿಯ ಕಡ್ಡಿಯಿಂದ ಗಂಟಲು ಒರೆಸಿ ಯಂತ್ರಕ್ಕೆ ಕೊಟ್ಟರೆ ಮುಗಿಯಿತು. ಪರದೆಯ ಮೇಲೆ ಮನೆಯಿಂದ ಮನೆಗೆ ಗೆರೆ ಹಬ್ಬುತ್ತದೆ, ರೋಗ ಬಂದ ಮನೆಯ ಮೇಲೆ ಕೆಂಪು ಗಂಟು ಬೀಳುತ್ತದೆ.

ಇಂಥ ಯಂತ್ರ ಬಂದ ಮೇಲೆ ಲಸಿಕೆ ಯಾಕೆ ಬೇಕು ಎಂದು ಕೇಳಿದವರು ಆಗ ಚುನಾವಣೆಗೆ ನಿಂತಿದ್ದ ರುದ್ರಗೌಡರು. ಹಿಂದಿನ ಸರಕಾರ ಪೊಲೀಸರನ್ನು ಕರೆದುಕೊಂಡು ಹೋಗಿ ಒಂದು ಹಳ್ಳಿಯಲ್ಲಿ ಬಲವಂತವಾಗಿ ಮಕ್ಕಳಿಗೆ ಸೂಜಿ ಹಾಕಿಸಿತ್ತು. ಬುದ್ಧಿಗೇಡಿ ಕೆಲಸ ಅದು, ನಾನೇ ಹೇಳುತ್ತೇನೆ. ಜನ ಸಿಟ್ಟಾದರು, ಗೌಡರು ಆ ಸಿಟ್ಟಿನ ಮೇಲೆ ಕೂತು ಸವಾರಿ ಮಾಡಿದರು. ಅವರಿಗೆ ಲಸಿಕೆಯ ಮೇಲೆ ಪ್ರೀತಿಯೂ ಇರಲಿಲ್ಲ, ದ್ವೇಷವೂ ಇರಲಿಲ್ಲ. ವೇದಿಕೆಯಿಂದ ವೇದಿಕೆಗೆ ಒಂದೇ ಮಾತು.

“ಕೂಸು ನಮ್ದು, ಇಚ್ಛಾ ನಮ್ದು. ಯಾರಿಗೆ ರೋಗ ಐತಿ ಅಂತ ಯಂತ್ರ ಹೇಳತೈತಿ. ಆ ಮನಿಗೆ ಅಷ್ಟ ಬೀಗ ಹಾಕಿದ್ರಾತು. ಇದ್ದಬದ್ದ ಕೂಸಿಗೆಲ್ಲಾ ಯಾಕ ಚುಚ್ಚಬೇಕು?”

ಗೆದ್ದರು, ಆರೋಗ್ಯ ಮಂತ್ರಿಯಾದರು, ಕಾಯ್ದೆ ತಂದರು. ಅಂಗನವಾಡಿಗಳಿಂದ ಲಸಿಕೆಯ ಪೆಟ್ಟಿಗೆಗಳು ಹೋದವು. ಬೇಕೆಂದವರು ಪಕ್ಷದವರೇ ತುಂಬಿದ ಸಮಿತಿಯೊಂದರ ಎದುರು ಬಂದು ಕೇಳಬೇಕು ಎಂದಾಯಿತು. ಯಾರು ಕೇಳುತ್ತಾರೆ? ಕೇಳಿದವರ ರೇಷನ್ನಿಗೆ, ಮನೆ ಮಂಜೂರಿಗೆ ಆಮೇಲೆ ಯಾರು ಜವಾಬ್ದಾರಿ?

ಐದಾರು ವರ್ಷ ಏನೂ ಆಗಲಿಲ್ಲ. ಹಿಂದೆ ಸೂಜಿ ಬಿದ್ದವರೆಲ್ಲ ಗೋಡೆಯ ಹಾಗೆ ನಿಂತಿದ್ದರು, ಅದಕ್ಕೇ ಆಗಲಿಲ್ಲ. ಗೌಡರು ಅದನ್ನೂ ತಮ್ಮ ಸಾಧನೆ ಎಂದರು. ಹೊಸದಾಗಿ ಹುಟ್ಟಿದ ಮಕ್ಕಳ ಸಂಖ್ಯೆ ಬೆಳೆಯುತ್ತ ಗೋಡೆ ತೆಳ್ಳಗಾಯಿತು, ಒಂದು ಬೇಸಿಗೆಯಲ್ಲಿ ದಡಾರ ಬಂತು. ದೊಡ್ಡವರಿಗೆ ಏನೂ ಆಗಲಿಲ್ಲ, ನಮಗೆಲ್ಲ ನಮ್ಮ ತಾಯಂದಿರು ಲಸಿಕೆ ಹಾಕಿಸಿದ್ದರು. ಗೌಡರಿಗೂ ಅವರ ತಾಯಿ ಹಾಕಿಸಿದ್ದರು. ಮಲಗಿದವರೆಲ್ಲ ಮಕ್ಕಳು.

ಜನ ಬಳ್ಳಿಯ ಜೊತೆ ಬಾಳುವುದನ್ನು ಕಲಿತರು. ಬಸ್ ನಿಲ್ದಾಣದಲ್ಲಿ, ಸಂತೆ ಮೈದಾನದಲ್ಲಿ ದೊಡ್ಡ ಪರದೆಗಳು. ಯಾರ ಮನೆಯಿಂದ ಬಳ್ಳಿ ಹಬ್ಬಿತೋ ಆ ಮನೆಯ ಹೆಸರು ಅದರ ಮೇಲೆ, ಬಾಗಿಲಿಗೆ ಬೀಗ, ಮನೆಯವರು ಊರಾಚೆಯ ಶಿಬಿರಕ್ಕೆ. ಅಂಥ ಮನೆಗೆ ಹೆಣ್ಣು ಕೊಡುವವರಿಲ್ಲ, ಅಂಥ ಮನೆಯ ಹಾಲು ಕೊಳ್ಳುವವರಿಲ್ಲ. ಹೀಗಾಗಿ ಮಕ್ಕಳಿಗೆ ಜ್ವರ ಬಂದರೆ ತಾಯಂದಿರು ಬಾಯಿ ಬಿಡುವುದನ್ನೇ ಬಿಟ್ಟರು. ಗುಳ್ಳೆ ಎದ್ದ ಮುಖಕ್ಕೆ ಪೌಡರು ಬಳಿದು ಶಾಲೆಗೆ ಕಳಿಸಿದರು. ಬೇವಿನ ಸೊಪ್ಪನ್ನು ಬಾಗಿಲಿಗೆ ಸಿಕ್ಕಿಸುತ್ತಿದ್ದ ಮಂದಿ ಈಗ ಅದನ್ನು ಹಾಸಿಗೆಯ ಕೆಳಗೆ ಅಡಗಿಸಿದರು. ರೋಗ ಹುಡುಕಲೆಂದು ತಂದ ಯಂತ್ರ ರೋಗವನ್ನು ಬಚ್ಚಿಡುವುದನ್ನು ಊರಿಗೆ ಕಲಿಸಿತು.

ಬಳ್ಳಿಗೆ ಇನ್ನೊಂದು ಬಣ್ಣವೂ ಗೊತ್ತಿತ್ತು. ಒರೆಸಿ ತಂದ ಗಂಟಲಿನಲ್ಲಿ ವೈರಾಣು ಇಲ್ಲದಿದ್ದರೆ, ಆ ಮೈ ದಡಾರವನ್ನು ಮೊದಲೇ ಬಲ್ಲದೇ, ಬಲ್ಲದಾದರೆ ರೋಗ ಬಂದು ಬಲ್ಲದೋ ಲಸಿಕೆಯಿಂದ ಬಲ್ಲದೋ ಎಂದು ಅದು ನೋಡುತ್ತಿತ್ತು. ಲಸಿಕೆಯದಾದರೆ ಹಸಿರು ಗಂಟು. ರೋಗದ ಬಳ್ಳಿ ಆ ಹಸಿರಿಗೆ ಬಂದು ಮುಟ್ಟಿ, ಅಲ್ಲಿಗೇ ನಿಲ್ಲುತ್ತಿತ್ತು. ಕಾಯ್ದೆ ಬಂದ ಮೊದಲ ವಾರವೇ ಮೇಲಿನಿಂದ ಆದೇಶ ಬಂತು: ಸಾರ್ವಜನಿಕರಲ್ಲಿ ಅನಗತ್ಯ ಗೊಂದಲ ಉಂಟಾಗದಂತೆ ಹಸಿರನ್ನು ಪ್ರದರ್ಶಿಸತಕ್ಕದ್ದಲ್ಲ. ನಮ್ಮ ಮೇಲಧಿಕಾರಿ ಡಾಕ್ಟರ್ ಇನಾಂದಾರರು ಆ ಗುಂಡಿಯನ್ನು ಒತ್ತಿ ಆರಿಸಿದರು. ಯಾರೂ ಮತ್ತೆ ಅದರ ಸುದ್ದಿ ಎತ್ತಲಿಲ್ಲ, ನಾನೂ ಸೇರಿ.

ನಮ್ಮ ಮನೆಯಲ್ಲಿ ನಾನು, ಗಾಳಿಯಂತ್ರಗಳ ರಿಪೇರಿಗೆಂದು ವಾರಗಟ್ಟಲೆ ಗುಡ್ಡದ ಮೇಲೆ ಇರುವ ಗಂಡ, ಅತ್ತೆ ಶಾಂತವ್ವ, ಮತ್ತು ಗುಂಡವ್ವ. ಏಳು ತಿಂಗಳ ನನ್ನ ಮಗಳನ್ನು ನಾವು ಕರೆಯುತ್ತಿದ್ದದ್ದು ಹಾಗೆ. ಸರಿಯಾದ ಹೆಸರು ಇನ್ನೂ ಇಟ್ಟಿರಲಿಲ್ಲ, ಯಾಕೆಂದರೆ ಅತ್ತೆ ಗೌಡರ ಸೋಮವಾರಕ್ಕೆ ಕಾಯುತ್ತಿದ್ದರು. ಪ್ರತಿ ಸೋಮವಾರ ಮಂತ್ರಿಗಳ ಬಂಗಲೆಯ ಪಡಸಾಲೆಯಲ್ಲಿ ತೊಟ್ಟಿಲುಗಳ ಸಾಲು ಕಟ್ಟುತ್ತಿದ್ದರು. ಗೌಡರು ಒಂದೊಂದೇ ಕೂಸನ್ನು ಎತ್ತಿ, ಕಿವಿಯಲ್ಲಿ ಹೆಸರು ಹೇಳಿ, ಫೋಟೋ ತೆಗೆಸಿಕೊಂಡು ತಾಯಿಯ ಕೈಗೆ ಕೊಡುತ್ತಿದ್ದರು. ಅವರು ಹೆಸರಿಟ್ಟ ಕೂಸಿಗೆ ಮುಂದೆ ಅವರೇ ನೌಕರಿ ಹಚ್ಚುತ್ತಾರೆ ಎಂಬ ನಂಬಿಕೆ ಊರಲ್ಲಿತ್ತು. ಅತ್ತೆಯಂತೂ ಪ್ರತಿ ಸೋಮವಾರ ಹೋಗಿ ತೊಟ್ಟಿಲಿಗೆ ಹೂವು ಕಟ್ಟಿ ಬರುವವರು.

“ಊರಾಗ ದಡಾರ ಐತಿ ಅತ್ತಿ, ಕೂಸಿನ್ನ ಮಂದ್ಯಾಗ ಒಯ್ಯಬ್ಯಾಡ್ರಿ,” ಎಂದೆ.

“ಸಾಹೇಬ್ರ ಮನಿಗೆ ಎಲ್ಲೀ ದಡಾರವಾ? ಅವರ ಮೊಮ್ಮಗಳು ಅಲ್ಲೇ ಆಡತಿರ್ತೈತಿ. ಕುತ್ತು ಇದ್ರ ಅದನ್ನ ಬಿಡ್ತಿದ್ರೇನು?” ಎಂದರು ಅತ್ತೆ.

ತರ್ಕದಲ್ಲಿ ತಪ್ಪೇನೂ ಇರಲಿಲ್ಲ. ನಾನು ಡ್ಯೂಟಿಯಲ್ಲಿದ್ದಾಗ ಒಯ್ದರು. ವಿಜಯಶ್ರೀ ಎಂದು ಹೆಸರಿಡಿಸಿಕೊಂಡು, ಒಂದು ಬೆಳ್ಳಿ ಬಣ್ಣದ ಬಟ್ಟಲು ಹಿಡಿದುಕೊಂಡು ಖುಷಿಯಾಗಿ ಬಂದರು. ಹತ್ತು ದಿನ ಕಳೆಯುವುದರೊಳಗೆ ಜ್ವರ ಬಂತು, ಕಣ್ಣು ಕೆಂಪಾಯಿತು, ಕಿವಿಯ ಹಿಂದಿನಿಂದ ಗುಳ್ಳೆ ಇಳಿದವು. ಲಸಿಕೆ ಇದ್ದ ಕಾಲದಲ್ಲೂ ಅಷ್ಟು ಎಳೆಯ ಕೂಸಿಗೆ ದಡಾರದ ಸೂಜಿ ಹಾಕುತ್ತಿರಲಿಲ್ಲ, ಒಂಬತ್ತು ತಿಂಗಳು ತುಂಬಬೇಕಿತ್ತು. ಅಲ್ಲಿಯತನಕ ಸುತ್ತಲಿನ ದೊಡ್ಡ ಮಕ್ಕಳೇ ಅದಕ್ಕೆ ಕಾವಲು. ಆ ಕಾವಲನ್ನು ಗೌಡರು ತೆಗೆದಿದ್ದರು. ರೋಗ ಎದೆಗೆ ಇಳಿಯಿತು. ನನ್ನ ಗುಂಡವ್ವ ಆಸ್ಪತ್ರೆಯಲ್ಲಿ ನನ್ನ ಬೆರಳು ಹಿಡಿದುಕೊಂಡೇ ಹೋದಳು. ಅದಕ್ಕಿಂತ ಹೆಚ್ಚು ನಾನು ಹೇಳಲಾರೆ.

ರಜೆ ಮುಗಿಸಿ ಕೋಣೆಗೆ ಬಂದು ಮೊದಲು ಮಾಡಿದ್ದು ಅವಳ ಗಂಟಲಿನ ಕಡ್ಡಿಯನ್ನು ಬಳ್ಳಿಗೆ ಕೊಡುವ ಕೆಲಸ. ಸಿಟ್ಟು ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಗೆರೆ ನಮ್ಮ ಮನೆಯಿಂದ ಹೊರಟು, ಪೇಟೆ ದಾಟಿ, ಬಂಗಲೆಯ ಕಂಪೌಂಡಿಗೆ ಹೋಗಿ ನಿಂತಿತು. ಆ ಸೋಮವಾರ ಹೆಸರಿಡಿಸಿಕೊಂಡ ಇನ್ನೂ ಹಲವು ಕೂಸುಗಳ ಗೆರೆಗಳೂ ಅಲ್ಲಿಗೇ ಬಂದು ಕೂಡಿದವು. ಅವುಗಳಲ್ಲಿ ನಾಲ್ಕು ಕೂಸುಗಳು ಸತ್ತಿದ್ದವು. ನಮ್ಮವರು ಮೊದಲೇ ಒರೆಸಿ ತಂದಿದ್ದ ಕಡ್ಡಿಗಳಲ್ಲಿ ಮೂಲ ಎಂದು ಬಳ್ಳಿ ತೋರಿಸಿದ್ದು ಭಾಗಿ ಎಂಬ ಆರು ವರ್ಷದ ಹುಡುಗಿಯನ್ನು. ಬಂಗಲೆಯ ಮನೆಗೆಲಸದ ರೇಣವ್ವನ ಮಗಳು. ಸೋಮವಾರ ತೊಟ್ಟಿಲು ತೂಗುವವಳು ಅವಳೇ.

ಒಂದು ಗಳಿಗೆ ಆ ಹುಡುಗಿಯನ್ನು ಕೊಲ್ಲುವಷ್ಟು ಸಿಟ್ಟು ಬಂತು. ಯಂತ್ರ ಮಾಡಿದ್ದೇ ಅದಕ್ಕೆ, ನಮ್ಮ ಸಿಟ್ಟಿಗೆ ಒಂದು ಸಣ್ಣ ಹೆಸರು ಕೊಟ್ಟು ಕೈ ತೊಳೆದುಕೊಳ್ಳುವುದಕ್ಕೆ.

ಮೂಲ ಸಿಕ್ಕ ಕಂಪೌಂಡಿನಲ್ಲಿ ಎಲ್ಲರ ಗಂಟಲನ್ನೂ ಒರೆಸಬೇಕು ಎಂಬುದು ನಿಯಮ. ಬಂಗಲೆಗೆ ನಾನೇ ಹೋದೆ. ಹಿತ್ತಿಲ ಖೋಲಿಯಲ್ಲಿ ಭಾಗಿಯನ್ನು ಕೂಡಿಹಾಕಿದ್ದರು. ಗುಳ್ಳೆ ಆರಿ ಸಿಪ್ಪೆ ಏಳುತ್ತಿದ್ದ ಮುಖ, ಕಡ್ಡಿ ಕಂಡ ಕೂಡಲೇ ತಾನಾಗಿ ಬಾಯಿ ತೆರೆಯಿತು. ರೇಣವ್ವ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು.

“ಇಕಿಗೆ ಎಲ್ಲಿಂದ ಬಂತವ್ವ?” ಎಂದು ಕೇಳಿದೆ.

“ಸಾಲ್ಯಾಗಿಂದ ಬಂದಿರಬೇಕ್ರಿ. ಮೈ ಬೆಚ್ಚಗ ಆಗೇತಿ ಅಂತ ನಾ ಹೇಳಿದ್ನಿರಿ. ಪೌಡರ್ ಹಚ್ಚಿ ಕರಕೊಂಡ ಬಾ, ತೊಟ್ಟಿಲಾ ತೂಗವರು ಯಾರದಾರ ಅಂತ ಸಾಹೇಬ್ರ ಮನ್ಯಾಗ ಅಂದ್ರು.”

“ಮತ್ತ ಸಾಹೇಬ್ರ ಮೊಮ್ಮಗಳು ಸಮೃದ್ಧಿ? ಅಕಿಗೆ ಏನೂ ಆಗಲಿಲ್ಲೇನು?”

“ಇಲ್ರಿ. ಎರಡೂ ಒಂದ ಗಂಗಾಳದಾಗ ಉಣ್ತಾವು, ಒಂದ ಹಾಸಿಗ್ಯಾಗ ಮಲಗ್ತಾವು. ಜ್ವರಾ ಬಂದ ದಿನಾನೂ ಸಮೃದ್ಧಿ ಇಕಿ ಮಗ್ಗಲದಾಗ ಕುಂತಿತ್ತು. ಅದಕ್ಕ ಒಂದು ಕೆಮ್ಮ ಸೈತ ಬರಲಿಲ್ಲ. ಪುಣ್ಯಾ ಮಾಡಿತ್ರಿ.”

ದಡಾರಕ್ಕೆ ಪುಣ್ಯ ಗೊತ್ತಿಲ್ಲ. ಒಂದೇ ಕೋಣೆಯ ಗಾಳಿ ಉಸಿರಾಡಿದ ಮಗುವನ್ನು ಅದು ಬಿಡುವುದು ತೀರ ಅಪರೂಪ. ಸಮೃದ್ಧಿಯ ಗಂಟಲು ಒರೆಸುವಾಗ ಗೌಡರು ಪಡಸಾಲೆಯ ತೂಗುಮಂಚದ ಮೇಲೆ ಕೂತಿದ್ದರು.

“ನಮ್ಮ ಮನಿತನದ ರಕ್ತ ಗಟ್ಟಿ ಐತವಾ,” ಎಂದರು. ಆಮೇಲೆ ದನಿ ತಗ್ಗಿಸಿ, “ಆ ಆಳಿನ ಹುಡುಗಿ ಹೆಸರು ಸೋಮವಾರದೊಳಗ ಪರದೆ ಮ್ಯಾಲ ಬರ್ಲಿ. ಕೂಸು ಕಳಕೊಂಡ ಮಂದಿಗೆ ಒಂದು ಉತ್ತರ ಬೇಕಲ್ಲ. ಅವರದು ಹಿತ್ತಲ ಖೋಲಿ, ಬ್ಯಾರೆ ಮನಿ ಅಂತ ಬರಕೋ.”

“ನನ್ನ ಕೂಸೂ ಹೋತ್ರಿ ಸಾಹೇಬ್ರ. ನೀವ ಹೆಸರಿಟ್ಟಿದ್ರಿ.”

ಅವರು ತೂಗುವುದನ್ನು ನಿಲ್ಲಿಸಿದರು. ಮುಖದ ಮೇಲೆ ದುಃಖ ತಂದುಕೊಂಡರು, ಅದು ಅವರಿಗೆ ಅಭ್ಯಾಸವಿತ್ತು. “ಹೌದೇನವಾ? ಏನ್ ಹೆಸರಿಟ್ಟಿದ್ದೆ? ಜಯಾ ಇರಬೇಕು. ಇಲ್ಲಾ ವಿಜಯಾ. ದೇವರ ಇಚ್ಛಾ ನೋಡು.”

ಅಲ್ಲಿಯವರೆಗೆ ನನಗೆ ಬೇಕಾದದ್ದು ಉತ್ತರ. ಆ ಗಳಿಗೆಯಿಂದ ನನಗೆ ಬೇಕಾದದ್ದು ಸೇಡು. ಇದನ್ನು ಬೇರೆ ಒಳ್ಳೆಯ ಮಾತಿನಲ್ಲಿ ಹೇಳಲು ನನಗೆ ಇಷ್ಟವಿಲ್ಲ.

ಮರುದಿನ ಬೆಳಿಗ್ಗೆ ಸಮೃದ್ಧಿಯ ಫಲಿತಾಂಶ ಬಂತು. ವೈರಾಣು ಇಲ್ಲ. ಲಸಿಕೆಯ ನೆನಪು ಇದೆ, ಎರಡೂ ಸಲದ್ದು, ಅಚ್ಚುಕಟ್ಟಾಗಿ. ಕಾಯ್ದೆ ತಂದವರ ಮನೆಯ ಕೂಸನ್ನು ಯಾವುದೋ ದೂರದ ಊರಿಗೆ ಒಯ್ದು ಹಾಕಿಸಿಕೊಂಡು ಬಂದಿದ್ದರು. ಇನಾಂದಾರರು ನನ್ನ ಹಿಂದೆ ನಿಂತು ನೋಡುತ್ತಿದ್ದರು. ಅವರು ಕೆಟ್ಟವರಲ್ಲ. ವರ್ಗಾವಣೆಗೆ ಹೆದರುವ ಮನುಷ್ಯ.

“ಭಾಗಿ ಹೆಸರ ಹಾಕ್ರಿ ಮಹಾನಂದಾ ಅವರ, ಫೋನ್ ಮ್ಯಾಲ ಫೋನ್ ಬರಾಕತ್ತಾವು,” ಎಂದರು.

“ಹಾಕಿದ್ರ ಏನಾಗತೈತಿ ಸರ್? ಕೂಸು ಸತ್ತ ಮನಿಯವರು ಹೋಗಿ ಆ ತಾಯಿ ಮಗಳನ್ನ ಬಡೀತಾರ. ಗೌಡ್ರು ಬಂದು ಬಿಡಿಸಿಕೊಂಡು ಫೋಟೋ ತಗಸ್ತಾರ.”

ನಾನು ಹಸಿರಿನ ಗುಂಡಿಯ ಮೇಲೆ ಬೆರಳಿಟ್ಟು, “ಇದನ್ನ ಹಚ್ಚತೀನಿ,” ಎಂದೆ.

“ನೌಕರಿ ಹೋಗತೈತಿ.”

“ಗೊತ್ತೈತ್ರಿ.”

“ಸಣ್ಣ ಹುಡುಗರ ಮೈಯಾಗಿನ ಗುಟ್ಟದು. ಊರಿಗೆಲ್ಲಾ ತೋರಸೂದು ಸರಿ ಅಲ್ಲ.”

“ಕೆಂಪು ತೋರಸುವಾಗ ಅದು ಗುಟ್ಟು ಇರ್ಲಿಲ್ಲೇನ್ರಿ? ಬಡವರ ಮೈಗೆ ಗುಟ್ಟು ಇಲ್ಲೇನು?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನಾ ಚಾ ಕುಡದು ಬರ್ತೀನಿ,” ಎಂದು ಹೊರಗೆ ಹೋದರು. ಆ ಚಹಾ ಕುಡಿಯಲು ಅವರು ತೆಗೆದುಕೊಂಡಷ್ಟು ಹೊತ್ತು ಆರೋಗ್ಯ ಇಲಾಖೆಯ ಇತಿಹಾಸದಲ್ಲಿ ಯಾರೂ ತೆಗೆದುಕೊಂಡಿರಲಿಕ್ಕಿಲ್ಲ. ಪುಣ್ಯಾತ್ಮ.

ಕಾಯ್ದೆ ಬಂದ ಮೇಲೆ ಹುಟ್ಟಿದ ಮಕ್ಕಳನ್ನು ಮಾತ್ರ ಆರಿಸಿದೆ. ಯಾವ ಮಗುವಿನ ಹೆಸರನ್ನೂ ಹಾಕಲಿಲ್ಲ, ಭಾಗಿಯದನ್ನೂ ಹಾಕಲಿಲ್ಲ, ಮನೆಗಳಷ್ಟೇ. ಪರದೆಯ ಕೆಳಗೆ ಒಂದು ಸಾಲು ಬರೆದೆ: ಹಸಿರು ಎಂದರೆ ಲಸಿಕೆ ಪಡೆದ ಮಗು. ಬೇಸಿಗೆಯೆಲ್ಲ ಮನೆಮನೆಗೆ ಹೋಗಿ ನಮ್ಮವರು ಒರೆಸಿ ತಂದ ಗಂಟಲುಗಳು ಯಂತ್ರದೊಳಗೆ ಇದ್ದವು. ಗುಂಡಿ ಒತ್ತಿದೆ. ಊರಿನ ನಕ್ಷೆಯ ತುಂಬ ಕೆಂಪು, ಅದರ ನಡುವೆ ಒಂದೇ ಬೀದಿಯಲ್ಲಿ ದಟ್ಟವಾಗಿ ಹಸಿರು. ಮಂತ್ರಿಗಳ ಬಂಗಲೆ, ಪಕ್ಷದ ಅಧ್ಯಕ್ಷರ ಮನೆ, ಸಮಿತಿಯವರ ಮನೆಗಳು, ಲಸಿಕೆ ವಿಷ ಎಂದು ಭಾಷಣ ಮಾಡುತ್ತಿದ್ದ ವಕೀಲರ ಮನೆ. ನನಗೂ ಇಷ್ಟು ಗೊತ್ತಿರಲಿಲ್ಲ. ಒಬ್ಬರು ಸಿಗುತ್ತಾರೆ ಎಂದು ಬಲೆ ಬೀಸಿದರೆ ಇಡೀ ಓಣಿ ಸಿಕ್ಕಿತು.

ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ಅತ್ತೆ ಕಣ್ಣಾರೆ ಕಂಡು ಬಂದು ಹೇಳಿದರು. ಮೊದಲು ಯಾರಿಗೂ ತಿಳಿಯಲಿಲ್ಲವಂತೆ. ಆಮೇಲೆ ಹೂವು ಮಾರುವವಳೊಬ್ಬಳು, ತಾನು ದಿನಾ ಹೂವು ಕೊಡುವ ಮನೆಗಳು ಇವು ಎಂದು ಬೆರಳಿಟ್ಟು ಒಂದೊಂದೇ ಗುರುತಿಸಿದಳಂತೆ. ಬಸ್ಸು ಬಂದರೂ ಯಾರೂ ಹತ್ತಲಿಲ್ಲವಂತೆ. ಗುಂಡವ್ವ ಹೋದಾಗಿನಿಂದ ಅತ್ತೆ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಈಗ ನನ್ನ ಎದುರು ನೆಲದ ಮೇಲೆ ಕೂತರು.

“ತಮ್ಮ ಕೂಸಿಗೆ ಹಾಕಿಸಿ ನನ್ನ ಕೂಸಿಗೆ ಬರೇ ಹೆಸರಿಟ್ಟ ಕಳಸ್ಯಾರ,” ಎಂದರು. “ನಾ ಒಯ್ದೆ ಮಹಾನಂದಾ. ಈ ಕೈಲೆ ಒಯ್ದೆ.”

ನಾನು ಸಮಾಧಾನ ಹೇಳಲಿಲ್ಲ. ಸಮಾಧಾನ ನನ್ನಲ್ಲಿ ಇರಲಿಲ್ಲ. ಒಂದು ತಂಬಿಗೆ ನೀರು ತಂದು ಅವರ ಮುಂದೆ ಇಟ್ಟೆ, ಅವರು ಕುಡಿದರು.

ಆ ಮಧ್ಯಾಹ್ನವೇ ಜಿಲ್ಲಾ ಆಸ್ಪತ್ರೆಯ ಮುಂದೆ ಜನ ಸೇರಿದರು. ಎಷ್ಟೋ ವರ್ಷ ಕರಪತ್ರ ಹಂಚಿದ್ದೆವು, ಬೀದಿನಾಟಕ ಆಡಿಸಿದ್ದೆವು, ಲಸಿಕೆ ಒಳ್ಳೆಯದು ಎಂದು ಗಂಟಲು ಹರಿದುಕೊಂಡಿದ್ದೆವು. ಯಾರೂ ನಂಬಿರಲಿಲ್ಲ. ದೊಡ್ಡವರು ಗುಟ್ಟಾಗಿ ತಮ್ಮ ಮಕ್ಕಳಿಗೆ ಹಾಕಿಸಿಕೊಂಡಿದ್ದಾರೆ ಎಂದ ಕೂಡಲೇ ಅದು ಬೇಕೇಬೇಕಾದ ವಸ್ತುವಾಯಿತು. ನಮಗ್ಯಾಕ ಇಲ್ಲ, ನಮ್ಮ ಮಕ್ಕಳೇನು ಮಕ್ಕಳಲ್ಲೇನು ಎಂದು ಹೆಂಗಸರು ಗೇಟು ಅಲುಗಾಡಿಸಿದರು. ಇದನ್ನು ವಿಜ್ಞಾನದ ಗೆಲುವು ಎನ್ನಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆಕಿಚ್ಚಿನ ಗೆಲುವು ಎಂದರೂ ಅಡ್ಡಿಯಿಲ್ಲ, ಸೂಜಿ ಬಿದ್ದರೆ ಸಾಕು.

ನನ್ನನ್ನು ಅಮಾನತು ಮಾಡಿದರು. ಗೌಡರಿಗೆ ಏನಾಯಿತು ಎನ್ನುತ್ತೀರಾ? ಒಂದು ವಾರ ಮುಖ ತೋರಿಸಲಿಲ್ಲ. ಆಮೇಲೆ ಟೀವಿಯಲ್ಲಿ ಬಂದು, ಜನರ ಇಚ್ಛೆಯೇ ನಮ್ಮ ಇಚ್ಛೆ, ಮೊಮ್ಮಗಳಿಗೆ ಮೊದಲು ಹಾಕಿಸಿ ನಾನೇ ಪರೀಕ್ಷೆ ಮಾಡಿ ನೋಡಿದೆ, ಈಗ ಎಲ್ಲರಿಗೂ ಕೊಡುತ್ತೇನೆ ಎಂದರು. ಕಾಯ್ದೆ ಹಿಂದೆ ಹೋಯಿತು. ಬಂದದ್ದು ಹಸಿರು ಭಾಗ್ಯ ಎಂಬ ಯೋಜನೆ, ಪೆಂಡಾಲಿನ ಮೇಲೆ ಅವರದೇ ಆಳೆತ್ತರದ ಚಿತ್ರ. ನಾನು ಗೋಡೆಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ ಇತ್ತು. ನನ್ನ ಮಗಳನ್ನು ತಿಂದ ಮನುಷ್ಯ ಅವಳ ಸಾವಿನಿಂದಲೇ ಮತ ಎಣಿಸುತ್ತಿದ್ದಾನೆ ಅನ್ನಿಸಿತು.

ಅಷ್ಟರಲ್ಲಿ ಇನಾಂದಾರರ ಫೋನು ಬಂತು. ಲಸಿಕೆ ಬಂದಿದೆ, ಮಕ್ಕಳಿಗೆ ಸೂಜಿ ಹಾಕಿ ಗೊತ್ತಿರುವ ನರ್ಸುಗಳೇ ಜಿಲ್ಲೆಯಲ್ಲಿ ಉಳಿದಿಲ್ಲ, ಅಮಾನತಿನಲ್ಲಿದ್ದರೂ ಬಂದು ಕೈ ಹಚ್ಚುತ್ತೀರಾ ಎಂದರು. ಗೌಡರ ಚಿತ್ರದ ಕೆಳಗೆ ನಾನು ಕೂರುವುದಿಲ್ಲ ಎಂದೆ. ಅತ್ತೆ ಪಕ್ಕದಲ್ಲೇ ಇದ್ದರು.

“ಚಿತ್ರಾ ಇರ್ಲಿ ಬಿಡವಾ. ಕೂಸುಗಳು ಚಿತ್ರಾ ನೋಡಾಕ ಬರೂದಿಲ್ಲ,” ಎಂದರು.

ಹೋದೆ. ಸರಕಾರಿ ಶಾಲೆಯ ಮೈದಾನ, ಬೆಳಗಿನ ಎಳೆ ಬಿಸಿಲು, ಗೇಟಿನ ಆಚೆ ರಸ್ತೆಯವರೆಗೂ ಸರತಿ. ರೇಣವ್ವ ಮಕ್ಕಳಿಗೆ ಬೆಲ್ಲದ ಚೂರು ಹಂಚುತ್ತಿದ್ದಳು. ಬಂಗಲೆಯ ಕೆಲಸ ಬಿಟ್ಟು ಭಾಗಿಯೊಂದಿಗೆ ಅಕ್ಕನ ಮನೆ ಸೇರಿದ್ದಳು. ಅತ್ತೆ ಪಕ್ಕದ ಮನೆಯ ಕೂಸನ್ನು ಎತ್ತಿಕೊಂಡು ಸರತಿಯ ಮುಂದೆಯೇ ನಿಂತಿದ್ದರು, ಅದರ ತಾಯಿ ಹಿಂದೆ ಇನ್ನೊಂದನ್ನು ಹಿಡಿದುಕೊಂಡಿದ್ದಳು.

ಗೌಡರು ಬಂದರು. ಬಿಳಿ ಅಂಗಿ, ಹಿಂದೆ ಕ್ಯಾಮೆರಾದವರು, ಮುಂದೆ ದಾರಿ ಬಿಡಿಸುವ ಹುಡುಗರು. ಸರತಿಯ ಹತ್ತಿರ ಬಂದು ಎರಡೂ ಕೈ ಚಾಚಿದರು. ಅಷ್ಟು ವರ್ಷ ಆ ಕೈಗಳು ಚಾಚಿದಲ್ಲೆಲ್ಲ ಕೂಸುಗಳು ತಾವಾಗಿ ಬಂದು ಬಿದ್ದಿದ್ದವು.

“ಶಾಂತವ್ವ, ಕೊಡು ಇಲ್ಲೆ, ಮೊದಲ ಸೂಜಿ ನನ್ನ ತೊಡಿ ಮ್ಯಾಲ ಆಗ್ಲಿ,” ಎಂದರು.

ಅತ್ತೆ ಕೂಸನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿ ಮೇಲೆ ಸೆರಗು ಹೊದಿಸಿದರು. “ಒಲ್ಲೆರೀ,” ಎಂದರು. ದನಿ ಏರಿಸಲೂ ಇಲ್ಲ.

ಗೌಡರು ನಕ್ಕರು. ಅತ್ತೆಯ ಹಿಂದಿನವಳ ಕಡೆ ಕೈ ಚಾಚಿದರು. ಅವಳೂ ಕೂಸಿನ ಮುಖವನ್ನು ಎದೆಗೆ ಒತ್ತಿಕೊಂಡು ತಿರುಗಿ ನಿಂತಳು. ಅವಳ ಹಿಂದಿನವಳು ಗೌಡರು ಬರುವ ಮೊದಲೇ ತಿರುಗಿದಳು. ಯಾರೂ ಘೋಷಣೆ ಕೂಗಲಿಲ್ಲ, ಯಾರೂ ಕಲ್ಲು ಎತ್ತಲಿಲ್ಲ. ಗೇಟಿನವರೆಗೆ, ಗೇಟು ದಾಟಿ ರಸ್ತೆಯವರೆಗೆ, ಅವರು ಹೋದ ಹಾಗೆಲ್ಲ ಹೆಂಗಸರ ಬೆನ್ನುಗಳೇ ಕಂಡವು. ಕ್ಯಾಮೆರಾದವನು ಯಾವುದನ್ನು ತೆಗೆಯಬೇಕು ಎಂದು ತಿಳಿಯದೆ ಕ್ಯಾಮೆರಾ ಕೆಳಗಿಳಿಸಿದ. ಮುಂದಿನ ಚುನಾವಣೆಯಲ್ಲಿ ಅವರು ಗೆಲ್ಲಬಹುದು, ಸೋಲಬಹುದು, ನನಗೆ ಗೊತ್ತಿಲ್ಲ. ಈ ಊರಲ್ಲಿ ಇನ್ನು ಒಂದು ಕೂಸೂ ಅವರ ಕೈಗೆ ಹೋಗುವುದಿಲ್ಲ, ಅದು ಆವತ್ತೇ ಗೊತ್ತಾಯಿತು.

ಸುತ್ತಿ ಬಂದು ಕೊನೆಗೆ ನನ್ನ ಮೇಜಿನ ಮುಂದೆ ನಿಂತರು. ಹಣೆಯ ಮೇಲೆ ಬೆವರು.

“ಏನ್ ಬೇಕಿತ್ತವಾ ನಿನಗ?” ಎಂದರು, ನನಗಷ್ಟೇ ಕೇಳುವ ಹಾಗೆ.

“ನನಗ ಬೇಕಾದ್ದು ನಿಮ್ಮಿಂದ ಕೊಡಾಕ ಆಗೂದಿಲ್ರಿ. ಸರೀರಿ, ಹಿಂದ ಕೂಸು ಅದಾವು.”

ಅವರು ಸರಿದರು. ಚಾಚಿದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಒಮ್ಮೆ ಜೇಬಿಗೆ ಹಾಕಿದರು, ಒಮ್ಮೆ ತೆಗೆದರು. ಆ ಬರಿಗೈ ನೋಡಿ ನನಗೆ ಸಂತೋಷವಾಯಿತು, ತುಂಬ ಸಂತೋಷವಾಯಿತು. ನನ್ನ ಕೈಗಳೂ ಅಷ್ಟೇ ಬರಿದಾಗಿದ್ದವು. ಆದರೆ ನನಗೆ ಕೆಲಸವಿತ್ತು. ಅತ್ತೆ ಕೂಸನ್ನು ಮೇಜಿನ ಹತ್ತಿರ ತಂದು ಅಂಗಿಯ ತೋಳು ಮೇಲೇರಿಸಿ ಹಿಡಿದರು, ನಾನು ಸೂಜಿ ಕೈಗೆತ್ತಿಕೊಂಡೆ.